ಮನೆಯ ಮರಳನ್ನು ಹೊರಹಾಕಿದ ಹಾಮಿಯಾ

ಹಾಮಿಯಾ ಒಂದು ಕಡೆ ಸುಮ್ಮನೆ ಕೂತದ್ದನ್ನು ನಮ್ಮ ಕಡಲೂರು ಲೆಗುಂಗಿನಲ್ಲಿ ಕಂಡವರಿಲ್ಲ. ಬೆಳಗಿನ ಬಾಂಗಿನ ಹೊತ್ತಿಗೆ ಕಡಲ ದಂಡೆಯಲ್ಲಿ ದೋಣಿಗಳಿಗೆ ಕಾಯುತ್ತಿರುತ್ತಿದ್ದಳು. ಬಿಸಿಲೇರುವಷ್ಟರಲ್ಲಿ ಮೀನು ಉಪ್ಪುನೀರಿನಲ್ಲಿ ಬೆಂದು ಮಡಕೆ ಸೇರಿರುತ್ತಿತ್ತು. ಮಧ್ಯಾಹ್ನ ಸಂತೆ, ಸಂಜೆ ಯಾರದಾದರೂ ಮನೆಯ ಜಗಳ ಬಿಡಿಸುವುದು, ಬಿಡಿಸಲು ಜಗಳವಿಲ್ಲದಿದ್ದರೆ ತಾನೇ ಒಂದು ತೆಗೆಯುವುದು. ಇಂಥವಳು ಒಳಕೋಣೆಯ ಮರಳಿಗೆ ಬೆನ್ನು ತಾಗಿಸಿದಳೆಂದರೆ ಮುಗಿಯಿತು, ಅರ್ಧ ಹೇಳಿದ ಮಾತನ್ನು ಅಲ್ಲೇ ಬಿಟ್ಟು ನಿದ್ದೆ ಹೋಗುತ್ತಿದ್ದಳು. "ಇನ್ನರ್ಧ ಕೇಳೋಕೆ ನಾನು ಬೆಳಗಿನವರೆಗೂ ಕಾಯಬೇಕು" ಎಂದು ಗಂಡ ಮತ್ರಾವಿ ದೋಣಿಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ನಾವು ಮನೆಯೊಳಗೆ ಹಾಸುವ ಮರಳು ಸುಮ್ಮನೆ ದಂಡೆಯಿಂದ ಬಾಚಿ ತಂದದ್ದಲ್ಲ. ಅದನ್ನು ಆರಿಸಿ ತರಬೇಕು, ಸಣ್ಣ ಜರಡಿ ಹಿಡಿಯಬೇಕು, ಬಿಸಿಲಿಗೆ ಹರವಬೇಕು. ಒಳಕೋಣೆಯಲ್ಲಿ ಕೈ ಮುಳುಗುವಷ್ಟು ತುಂಬಿದರೆ ಸೆಕೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಮೈಗೆ ಅಂಟುವುದಿಲ್ಲ, ಕೊಡವಿದರೆ ಉದುರುತ್ತದೆ. ಹೆತ್ತ ಕೂಸನ್ನು ಮಲಗಿಸುವುದು ಅದರ ಮೇಲೆ, ನೆಂಟರನ್ನು ಕೂರಿಸುವುದು ಅದರ ಮೇಲೆ, ಕೀಲು ಹಿಡಿದುಕೊಂಡರೆ ಕಾಲು ಹೂತುಕೊಂಡು ಕೂರುವುದೂ ಅದರಲ್ಲೇ. ಪೇಟೆಯವರು ಬಂದಾಗ "ನೆಲದ ಮೇಲೆ ಮಲಗಿದರೆ ಶ್ವಾಸಕೋಶಕ್ಕೆ ನೀರು ಸೇರುತ್ತೆ" ಎಂದು ಹೆದರಿಸುತ್ತಾರೆ. ಹಾಗೆ ಹೆದರಿಸುವವರ ಸೊಂಟಕ್ಕೆ ಹೆಚ್ಚಾಗಿ ಔಷಧಿ ಅಂಗಡಿಯ ಪಟ್ಟಿ ಕಟ್ಟಿರುತ್ತದೆ. ಹಾಗಂತ ನಮ್ಮಲ್ಲಿ ಮಂಚವಿಲ್ಲ ಎಂದು ತಿಳಿಯಬೇಡಿ. ಮನೆಮನೆಯಲ್ಲೂ ಇದೆ, ಕಸೂತಿಯ ಹೊದಿಕೆ ಹೊದ್ದುಕೊಂಡು, ಒಗೆದ ಬಟ್ಟೆಯ ರಾಶಿ ಹೊತ್ತುಕೊಂಡು ನಿಂತಿರುತ್ತದೆ. ಅದರ ಮೇಲೆ ಮಲಗುವವರು ಮಾತ್ರ ಇಲ್ಲ.

ಮತ್ರಾವಿ ಬಿದ್ದದ್ದು ಕಡಲಲ್ಲಲ್ಲ. ಅಷ್ಟು ವರ್ಷ ಬಿರುಗಾಳಿಯಲ್ಲಿ ದೋಣಿ ನಡೆಸಿದವನು ದಂಡೆಗೆ ದೋಣಿ ಎಳೆಯುವಾಗ ಪಾಚಿಗಟ್ಟಿದ ಬೊಂಬಿನ ಮೇಲೆ ಕಾಲಿಟ್ಟು ಜಾರಿದ. ಬಿದ್ದವನು ಮೊದಲು ತಾನೇ ನಕ್ಕ, ಏಳಲು ಹೋದಾಗ ನಗು ನಿಂತುಹೋಯಿತು. ಸುಮೆನೆಪ್ ಪೇಟೆಯ ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರೆ, ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಮುರಿದಿತ್ತು. ಅದನ್ನು ತೆಗೆದು ಉಕ್ಕಿನ ಗುಂಡು ಕೂರಿಸಿದರು.

ಮನೆಗೆ ಕಳಿಸುವ ದಿನ ಡಾಕ್ಟರು ಹಾಮಿಯಾಳನ್ನು ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಚುರುಕು.

"ಇವರು ಕೆಳಗೆ ಮಲಗೋ ಹಾಗಿಲ್ಲ. ಕೆಳಗೆ ಕೂರೋ ಹಾಗೂ ಇಲ್ಲ. ಮಂಚ, ಎತ್ತರದ ಕುರ್ಚಿ, ಇಷ್ಟೇ. ಎಚ್ಚರ ತಪ್ಪಿದ್ರೆ ಕಾಲು ಕೆಡುತ್ತೆ. ಗೊತ್ತಾಯ್ತಾಮ್ಮ?"

"ಗೊತ್ತಾಯ್ತು."

"ಏನಾದ್ರೂ ಕೇಳೋದಿದ್ಯಾ?"

ಇತ್ತು. ಆದರೆ ಬೆನ್ನ ಹಿಂದೆ ಜನ ಸಾಲು ನಿಂತಿದ್ದರು. ಸಂತೆಯಲ್ಲಿ ಒಂಬತ್ತು ಊರಿನವರ ಬಾಯಿ ಮುಚ್ಚಿಸುವ ಹಾಮಿಯಾಗೆ ಆಸ್ಪತ್ರೆಯ ಬಿಳಿ ಗೋಡೆ ಕಂಡರೆ ನಾಲಿಗೆ ಒಣಗುತ್ತದೆ. "ಇಲ್ಲ" ಎಂದು ಎದ್ದು ಬಂದಳು.

ಯಾಕೆ ಮಲಗಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ಹೇಳದಿದ್ದರೇನು, ವ್ಯಾನಿನಲ್ಲಿ ಊರು ಮುಟ್ಟುವುದರೊಳಗೆ ಹಾಮಿಯಾ ತಾನೇ ಕಂಡುಹಿಡಿದಳು. ಹೋದ ಮಳೆಗಾಲದಲ್ಲಿ ಅವರ ದೋಣಿಯ ಎಂಜಿನ್ನಿಗೆ ಮರಳು ಹೊಕ್ಕು ಬೇರಿಂಗು ಸವೆದು ನುಣ್ಣಗಾಗಿತ್ತು. ಹಾಳಾದ ಉಕ್ಕಿನ ಗುಂಡುಗಳನ್ನು ಮತ್ರಾವಿಯ ತಮ್ಮ ಸಿರಾತ್ ಅಂಗೈಯಲ್ಲಿ ತೋರಿಸಿದ್ದ. ಈಗ ಗಂಡನ ಸೊಂಟದಲ್ಲಿ ಉಕ್ಕಿನ ಗುಂಡು. ಮನೆಯ ತುಂಬ ಮರಳು. ಇನ್ನೇನು ಬೇಕು?

ಊರ ಎಂಜಿನ್ನುಗಳನ್ನೆಲ್ಲ ಬಿಚ್ಚಿ ಜೋಡಿಸುವ ಸಿರಾತ್ ಅಣ್ಣನನ್ನು ನೋಡಲು ಬಂದಾಗ ಅವನನ್ನೂ ಕೇಳಿದಳು.

"ನೀನು ಹೇಳೋದು ಸರಿ, ಎಂಬುಕ್" ಎಂದ. ನಮ್ಮಲ್ಲಿ ಅತ್ತಿಗೆಯನ್ನು ಅಕ್ಕನೆಂದೇ ಕರೆಯುವುದು, ಗಂಡನನ್ನು ಕಾಕಾ ಎಂದು. "ಉಕ್ಕಿಗೂ ಮರಳಿಗೂ ಹುಟ್ಟುವೈರ. ಒಂದು ಕಣ ಒಳಗೆ ಹೋದ್ರೂ ಸಾಕು, ಕರಕರ ಅಂತ ಕೊರೆದು ಹಾಕುತ್ತೆ. ಎಂಜಿನ್ನಾದ್ರೆ ಬೇರೆ ಹಾಕ್ಬೋದು, ಅಣ್ಣನ್ನ ಎಲ್ಲಿ ಬಿಚ್ಚೋಣ?"

ಅಲ್ಲಿಗೆ ತೀರ್ಪಾಯಿತು. ಮಂಚದ ಮೇಲಿನ ಬಟ್ಟೆರಾಶಿ ಇಳಿಯಿತು, ಮತ್ರಾವಿ ಏರಿದ.

ಏರಿದವನಿಗೆ ಸುಖವಿಲ್ಲ. ಹಾಸಿಗೆ ಮಗ್ಗುಲಾದ ಕಡೆ ತಗ್ಗಾಗುತ್ತಿತ್ತು, ಬೆನ್ನು ಬೆವರುತ್ತಿತ್ತು, ಕಣ್ಣು ಮುಚ್ಚಿದರೆ ಬೀಳುತ್ತೇನೆಂಬ ಭಯ. "ನಾನೇನು ಸತ್ತಿದೀನೇನೇ, ಎತ್ತರದಲ್ಲಿಟ್ಟು ನೋಡೋಕೆ?" ಎಂದು ರೇಗುತ್ತಿದ್ದ. ಕೆಳಗೆ ಮರಳಿನ ಮೇಲೆ ಹಾಮಿಯಾ ಮಲಗಿದರೆ ಮೇಲಿನಿಂದ ಅವನ ಕಣ್ಣು ಬೆನ್ನು ಚುಚ್ಚಿದಂತಾಗಿ ಅವಳಿಗೂ ನಿದ್ದೆ ಹತ್ತುತ್ತಿರಲಿಲ್ಲ. ಹಸಿದವನ ಮುಂದೆ ಕೂತು ಉಂಡ ಹಾಗೆ ಎಂದು ಅವಳಿಗೆ ಅನಿಸುತ್ತಿತ್ತು. ಎದ್ದು ನೀರು ಕುಡಿಯುವಳು, ಅವನ ದಿಂಬು ಸರಿಮಾಡುವಳು, ಮತ್ತೆ ಮಲಗುವಳು, ಮತ್ತೆ ಏಳುವಳು.

ಒಂದು ಮಧ್ಯಾಹ್ನ ಸಂತೆಯಿಂದ ಬೇಗ ಬಂದು ಬಾಗಿಲು ತೆರೆದರೆ, ಮತ್ರಾವಿ ಮಂಚದ ಅಂಚಿಗೆ ಜರುಗಿ ಆರೋಗ್ಯವಾಗಿದ್ದ ಕಾಲನ್ನು ಇಳಿಬಿಟ್ಟು ಹೆಬ್ಬೆರಳಿನಿಂದ ಮರಳು ಕೆದಕುತ್ತಿದ್ದ. ಸಿಕ್ಕಿಬಿದ್ದ ಮಗುವಿನ ಹಾಗೆ ಕಾಲು ಮೇಲೆಳೆದುಕೊಂಡ.

"ಏನ್ ಕಾಕಾ ಇದು? ಇವತ್ತು ಬೆರಳು, ನಾಳೆ ಮೈ. ಆಮೇಲೆ ಜೀವಮಾನವೆಲ್ಲ ನಿನ್ನ ಹೊತ್ಕೊಂಡು ತಿರುಗ್ಲಾ ನಾನು?"

"ತಂಪಿದ್ಯಾ ಅಂತ ನೋಡ್ದೆ ಅಷ್ಟೇ ಕಣೇ."

ಆ ದನಿ ಕೇಳಿ ಅವಳಿಗೆ ಅಳು ಬಂತು. ಅಳು ಬಂದರೆ ಹಾಮಿಯಾ ಅಳುವುದಿಲ್ಲ, ಕೆಲಸ ಹಚ್ಚಿಕೊಳ್ಳುತ್ತಾಳೆ. ಮಾರನೆಯ ದಿನ ಮೀನಿಗೂ ಹೋಗದೆ ಬುಟ್ಟಿ ಹಿಡಿದು ನಿಂತಳು. ಒಳಕೋಣೆಯ ಮರಳನ್ನೆಲ್ಲ ಬಾಚಿ, ತುಂಬಿ, ಹೊತ್ತು ಓಣಿಗೆ ಸುರಿದಳು.

ಎದುರುಮನೆಯ ಮುದುಕಿ ಜುಮಾತಿ ಬಿಬಿ ಅಂಗಳದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದವಳು ಕತ್ತು ಚಾಚಿದಳು.

"ಹೊಸಾ ಮರಳು ತುಂಬ್ತೀಯೇನೇ ಬಿಂಗ್?" ಎಂಬತ್ತರ ಹತ್ತಿರದ ಜುಮಾತಿಗೆ ಊರ ಹೆಂಗಸರೆಲ್ಲ ಇನ್ನೂ ಪುಟ್ಟ ಹುಡುಗಿಯರು, ಎಲ್ಲರೂ ಬಿಂಗ್.

"ಇಲ್ಲ ಬಿಬಿ."

"ಮತ್ತೆ?"

"ಖಾಲಿ ಬಿಡ್ತೀನಿ."

ಜುಮಾತಿಯ ಕೈಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು. "ಖಾಲೀನಾ? ಮನೆಯೇನೇ ಅದು, ಮೀನು ಮಂಡಿಯೇನೇ? ಹೆಣ ಹೋದ ಮನೇಲೂ ಮರಳು ಬಿಡ್ತಾರಲ್ಲೇ!"

ಹಾಮಿಯಾ ಬುಟ್ಟಿ ಇಳಿಸಿ ಉಕ್ಕಿನ ಗುಂಡಿನ ವಿಚಾರವನ್ನು ಇಡೀ ಓಣಿಗೆ ಕೇಳುವಷ್ಟು ದನಿಯಲ್ಲಿ ವಿವರಿಸಿದಳು. ಸಂಜೆಯೊಳಗೆ ಅದು ಊರೆಲ್ಲ ತಿರುಗಿ ವಾಪಸು ಬಂತು. ನಕ್ಕವರು ನಕ್ಕರು. ಹೆಚ್ಚಿನವರು ತಲೆದೂಗಿದರು. ಎಂಜಿನ್ನು ಕಂಡ ಊರು, ಮರಳು ಉಕ್ಕನ್ನು ತಿನ್ನುವುದು ಯಾರಿಗೆ ಗೊತ್ತಿಲ್ಲ? "ಓದದಿದ್ರೂ ಹಾಮಿಯಾಳ ತಲೆ ನೋಡು" ಎಂದರು. ಅವಳು ಉಬ್ಬಿಹೋದಳು. ಅಂಗಳವನ್ನೂ ಗುಡಿಸಿದಳು, ಹೊಸ್ತಿಲಿಗೆ ಒದ್ದೆ ಗೋಣಿ ಹಾಸಿದಳು, ಬಂದವರ ಕಾಲು ತೊಳೆಸಿದಳು, ಬೆಕ್ಕನ್ನು ಅಟ್ಟಿದಳು.

ಮರಳು ಹೋದ ಕೋಣೆಯಲ್ಲಿ ಮಾತಾಡಿದರೆ ಗೋಡೆಯಿಂದ ಮಾತು ವಾಪಸು ಬರುತ್ತಿತ್ತು. ಮತ್ರಾವಿಗೆ ನಿದ್ದೆ ಮಾತ್ರ ಬರಲಿಲ್ಲ. ಕೆನ್ನೆ ಒಳಗೆ ಹೋಯಿತು, ಜೋಳದನ್ನ ತಟ್ಟೆಯಲ್ಲೇ ಉಳಿಯತೊಡಗಿತು. ಮಂಚದ ಮೇಲೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಅವನು ಹೊರಳಿದಾಗಲೆಲ್ಲ ಮಂಚ ಕಿರ್ರೆನ್ನುತ್ತಿತ್ತು. ಹಾಮಿಯಾಳ ಎದೆಯೂ ಹಾಗೇ ಅನ್ನುತ್ತಿತ್ತು. ನಿದ್ದೆಯಿಲ್ಲದೆ ಮನುಷ್ಯ ಕಾಲು ಉಳಿಸಿಕೊಂಡು ಏನು ಮಾಡಬೇಕು? ಅವಳು ಯೋಚಿಸಿದಳು. ಯೋಚಿಸುತ್ತ ಅಂಗಳದಲ್ಲಿ ತಿರುಗಿದಳು, ಬಾವಿಯ ತನಕ ಹೋದಳು, ಕೊಡ ಮರೆತು ಬಂದಳು. ಕೊನೆಗೆ ಹೊಳೆಯಿತು.

"ಕಾಕಾ, ಬೇಡ ಅಂದದ್ದು ಮರಳು ತಾನೇ? ಈಗ ಮನೇಲಿ ಒಂದು ಕಣ ಮರಳಿಲ್ಲ. ಬರೀ ನೆಲಕ್ಕೆ ಏನು ದೋಷ?"

ಮತ್ರಾವಿ ಎದ್ದು ಕೂತ. ಆಸೆಯಿಂದ ನೆಲ ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಡಾಕ್ಟರಮ್ಮ ಕೆಳಗೇ ಬೇಡ ಅಂದ್ಲಲ್ಲೇ."

"ನಮ್ಮೂರಲ್ಲಿ ಕೆಳಗೆ ಅಂದ್ರೆ ಮರಳು ಅಂತ ಅವಳಿಗೆ ಗೊತ್ತಿಲ್ವಾ? ಅದಕ್ಕೇ ಅಂದ್ಲು. ಇಳಿ, ಬಾ. ನಾನು ಹಿಡ್ಕೋತೀನಿ."

ಅವನು ಇನ್ನೂ ಅನುಮಾನಿಸಿದ. ಅವಳೇ ತೋಳಿಗೆ ಕೈಹಾಕಿ ಇಳಿಸಿಕೊಂಡಳು. ಸಿಮೆಂಟು ನೆಲದ ಮೇಲೆ ಚಾಪೆ, ಅದರ ಮೇಲೆ ಹಳೆಯ ಕೌದಿ.

ಬರೀ ನೆಲ ಮರಳಲ್ಲ. ಮರಳು ಮೈಯ ಉಬ್ಬುತಗ್ಗಿಗೆ ತಾನೇ ಜಾಗ ಮಾಡಿಕೊಡುತ್ತದೆ. ಸಿಮೆಂಟು ಎಲುಬಿಗೆ ಎಲುಬು ಕೊಟ್ಟು ನಿಲ್ಲುತ್ತದೆ. ಭುಜ ಜೋಮು ಹಿಡಿಯುತ್ತಿತ್ತು, ಥಂಡಿ ಪಕ್ಕೆಗೆ ಏರುತ್ತಿತ್ತು. ಮತ್ರಾವಿ ಕೆಮ್ಮತೊಡಗಿದ. ಹಾಮಿಯಾ ಅವನ ಪಕ್ಕದಲ್ಲೇ ಮಲಗಿ ಬೆಳಗಾಗುವ ಹೊತ್ತಿಗೆ ಹೊಡೆಸಿಕೊಂಡವಳ ಹಾಗೆ ಏಳುತ್ತಿದ್ದಳು. ಆದರೂ ಮಂಚಕ್ಕಿಂತ ಅವನು ಒಂದಿಷ್ಟು ಹೆಚ್ಚು ಮಲಗುತ್ತಿದ್ದ, ನಡುವೆ ಗೊರಕೆಯೂ ಕೇಳುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು. "ಡಾಕ್ಟರಿಗೂ ಹೊಳೀಲಿಲ್ಲ ನೋಡು" ಎಂದು ಅವನೆದುರು ಹಿಗ್ಗಿದಳು.

ಕಷ್ಟವಿದ್ದದ್ದು ಬೆಳಗ್ಗೆ ಏಳುವುದರಲ್ಲಿ. ಅವನು ಮಂಡಿಯನ್ನು ಎದೆಗೆ ಎಳೆದುಕೊಂಡು ಮುಂದಕ್ಕೆ ಬಾಗಬೇಕು, ಅವಳು ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಬೇಕು.

"ಏಳೋವಾಗೆಲ್ಲ ಒಳಗೇನೋ ಜರುಗಿದ ಹಾಗಾಗುತ್ತೆ ಕಣೇ."

"ಹೊಸಾ ಗುಂಡು. ಪಳಗೋವರ್ಗೂ ಹಾಗೇ ಇರುತ್ತೆ."

ಹೆಂಡತಿಯ ಬುದ್ಧಿಯನ್ನು ಊರೇ ಹೊಗಳುತ್ತಿರುವಾಗ ಗಂಡ ಎಷ್ಟು ಸಲ ಎದುರಾಡಿಯಾನು?

ಆ ಬೆಳಗ್ಗೆ ದಂಡೆಯ ಕಡೆಯಿಂದ ಕೂಗು ಕೇಳುತ್ತಿತ್ತು. ದೋಣಿಗಳು ತುಂಬಿ ಬಂದಿದ್ದವು, ಬೇರೆ ಹೆಂಗಸರು ಆಗಲೇ ಬುಟ್ಟಿ ಹೊತ್ತು ಓಡುತ್ತಿದ್ದರು. ನಿದ್ದೆಗೆಟ್ಟ ಹಾಮಿಯಾಳ ತಲೆ ಜುಮ್ಮೆನ್ನುತ್ತಿತ್ತು. "ಏಳು ಏಳು, ಹೊತ್ತಾಯ್ತು" ಎಂದು ಅವನು ಇನ್ನೂ ಕಾಲು ಸರಿಮಾಡಿಕೊಳ್ಳುವ ಮೊದಲೇ ಹಿಡಿದೆತ್ತಿದಳು. ಒಳಗೆ ಲೊಟಕ್ಕೆಂದಿತು. ಆ ಸದ್ದು ಅವಳ ಕೈಗೂ ತಿಳಿಯಿತು. ಮತ್ರಾವಿ ಕೂಗಲಿಲ್ಲ, ಬಾಯಿ ತೆರೆದು ಬಿಳಿಚಿಕೊಂಡ. ಕೆಳಗಿಳಿಸಿ ನೋಡಿದರೆ ಕಾಲು ಒಳಕ್ಕೆ ತಿರುಗಿ, ಇನ್ನೊಂದಕ್ಕಿಂತ ಗಿಡ್ಡಾಗಿ, ಬೇರೆ ಯಾರದೋ ಕಾಲಿನ ಹಾಗೆ ಬಿದ್ದಿತ್ತು.

ಸಿರಾತ್ ವ್ಯಾನು ತಂದ. ದಾರಿಯುದ್ದಕ್ಕೂ ಹಾಮಿಯಾ ಗಂಡನ ತಲೆ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಎಲ್ಲಿಂದ ಬಂತು ಮರಳು? ನಾನು ಎಲ್ಲಾ ಗುಡಿಸಿದ್ನಲ್ಲಾ, ಎಲ್ಲಿಂದ ಬಂತು?"

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಕಾಲು ನೋಡಿದೊಡನೆ ಅವರ ಮುಖ ಗಂಟಾಯಿತು.

"ಕೆಳಗೆ ಮಲಗಿದ್ರಾ?"

ಹಾಮಿಯಾ ಬಾಯಿ ತೆರೆದಳು. ಅವಳಿಗಿಂತ ಮೊದಲು ತಳ್ಳುಗಾಡಿಯ ಮೇಲಿಂದ ಮತ್ರಾವಿಯ ದನಿ ಬಂತು.

"ನಂದೇ ತಪ್ಪು ಡಾಕ್ಟರಮ್ಮ. ಇವಳು ಬೇಡ ಬೇಡ ಅಂದ್ಲು. ನಾನೇ ಹಟಮಾಡಿ ಇಳಿದೆ."

"ಈ ವಯಸ್ಸಲ್ಲಿ ಎಂಥಾ ಹಟ ಅಜ್ಜ ನಿಮ್ದು? ಇಂಥಾ ಹೆಂಡ್ತಿ ಮಾತು ಕೇಳ್ಬಾರ್ದಾ?"

"ಕೇಳ್ಬೇಕಿತ್ತು" ಎಂದು ಅವನು ಕಣ್ಣು ಮುಚ್ಚಿಕೊಂಡ. ಅವನನ್ನು ಒಳಗೆ ತೆಗೆದುಕೊಂಡು ಹೋದರು. ಹಾಮಿಯಾ ತೆರೆದ ಬಾಯಿ ಮುಚ್ಚಲಾಗದೆ ಅಲ್ಲೇ ನಿಂತಳು.

ಮಂಪರಿನ ಮದ್ದು ಕೊಟ್ಟು ಗುಂಡನ್ನು ಮತ್ತೆ ಜಾಗಕ್ಕೆ ಕೂರಿಸಿದರು. ಈ ಸಲ ಹೊರಗೆ ಬಂದ ಡಾಕ್ಟರನ್ನು ಹಾಮಿಯಾ ಬಿಡಲಿಲ್ಲ. ಸೆರಗು ಬಿಗಿದು ದಾರಿಗೆ ಅಡ್ಡ ನಿಂತಳು.

"ಒಳಗೆ ಎಷ್ಟು ಮರಳಿತ್ತು?"

"ಮರಳಾ?"

"ಗುಂಡಿನೊಳಗೆ."

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಂಜಿನ್ನು, ಬೇರಿಂಗು, ಗುಡಿಸಿದ ಮನೆ, ಎಲ್ಲ ಕೇಳಿದರು. ಪಕ್ಕದಲ್ಲಿದ್ದ ನರ್ಸು ಕಿಸಕ್ಕೆಂದಳು. ಡಾಕ್ಟರು ನಗಲಿಲ್ಲ.

"ಅಮ್ಮಾ, ಮೇಲೆ ಮಾಂಸ ಇದೆ, ಚರ್ಮ ಹೊಲಿದು ಗಾಯ ಕೂಡಿಕೊಂಡಿದೆ. ಮರಳು ಎಲ್ಲಿಂದ ಹೋಗುತ್ತೆ? ನಾನು ಬೇಡ ಅಂದದ್ದು ತಗ್ಗು. ಕೆಳಗಿಂದ ಏಳೋವಾಗ ತೊಡೆ ಹೊಟ್ಟೆ ಕಡೆ ಬರುತ್ತೆ, ಆಗ ಗುಂಡು ಹಿಂದಕ್ಕೆ ಜಾರುತ್ತೆ. ಮರಳಾದ್ರೇನು, ಸಿಮೆಂಟಾದ್ರೇನು, ಬಂಗಾರದ ನೆಲ ಆದ್ರೇನು?"

"ಹಂಗಾದ್ರೆ ನೆಲ ಅನ್ನೋದೇ ಕೆಟ್ಟದ್ದಾ?"

"ಹಾಗೆ ಯಾರು ಹೇಳಿದ್ರು? ನಿಮ್ಮೂರಿನ ಮುದುಕರನ್ನ ನೋಡಿದೀನಿ. ದಿನಾ ನೆಲದಿಂದ ಎದ್ದೂ ಎದ್ದೂ ಎಷ್ಟೋ ಜನರ ಕಾಲು ಗಟ್ಟಿಯಾಗೇ ಇದೆ. ಗಟ್ಟಿ ಹಾಸಿಗೆ ಕೆಲವರ ಬೆನ್ನಿಗೆ ಹಿತ, ಕೆಲವರಿಗೆ ನೋವು. ಮಲಗೋದಲ್ಲ ಕಷ್ಟ, ಇಳಿಯೋದು ಏಳೋದು. ನಿಮ್ಮ ಯಜಮಾನರಿಗೆ ಈಗ ಅದು ಆಗಲ್ಲ. ಇನ್ನೊಂದು ಸಲ ಜಾರಿದ್ರೆ ಮತ್ತೆ ಕೊಯ್ಯಬೇಕು. ಆಮೇಲೆ ನಡೀತಾರೋ ಇಲ್ವೋ ನಾನು ಹೇಳೋಕಾಗಲ್ಲ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀವು?" ಹಾಮಿಯಾಳ ದನಿ ಸಂತೆಯ ದನಿಯಾಗಿ ಏರಿತು.

ಡಾಕ್ಟರು ಒಪ್ಪಿಕೊಂಡರು. "ಹೇಳ್ಬೇಕಿತ್ತು. ನೀವೂ ಕೇಳ್ಬೇಕಿತ್ತು."

ಅವಳು ಆಗ ಕೇಳತೊಡಗಿದಳು. ಎಷ್ಟು ಎತ್ತರ ಇರಬೇಕು, ಯಾವ ಕಾಲು ಮೊದಲು ಇಳಿಸಬೇಕು, ಮಗ್ಗುಲಾಗಬಹುದಾ, ದಿಂಬು ಎಲ್ಲಿಡಬೇಕು. ಕಾದಿದ್ದ ಜನ ಗೊಣಗಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ, ಕುರ್ಚಿಯಷ್ಟು ಎತ್ತರದಲ್ಲಿ ಮರಳು ಹಾಕಿ ಮಲಗಿಸಿದರೆ ಎಂದು ಕೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಯ ಒಣಗಿದೆ, ಎತ್ತರ ಸರಿಯಿರಲಿ, ಕಾಲಿನ ನಡುವೆ ದಿಂಬಿರಲಿ, ಮಲಗುವುದು ಯಾವುದರ ಮೇಲೆ ಅನ್ನುವುದು ನಿಮಗೆ ಬಿಟ್ಟದ್ದು ಎಂದರು.

ಊರಿಗೆ ಬಂದರೆ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಆಸ್ಪತ್ರೆಯಲ್ಲಿ ಅಣ್ಣ ತಪ್ಪೊಪ್ಪಿಕೊಂಡದ್ದನ್ನು ಸಿರಾತ್ ದೋಣಿಯವರಿಗೆ ಹೇಳಿದ್ದ. ನೋಡಲು ಬಂದವರೆಲ್ಲ ಮತ್ರಾವಿಯನ್ನೇ ಆಡಿಕೊಂಡರು. "ಮುದುಕನ ಹಟ ಕತ್ತೆ ಹಟ." "ಅಂಥಾ ಹೆಂಡ್ತಿ ಸಿಕ್ಕಿದ್ರೂ ಇವನ ಹಣೆಬರಹ ನೋಡು." ಮತ್ರಾವಿ ಮಂಚದ ಮೇಲೆ ಲವಂಗದ ಸಿಗರೇಟು ಸೇದುತ್ತ ಹೂಂ ಹೂಂ ಅನ್ನುತ್ತಿದ್ದ. ಹಾಮಿಯಾ ಬಂದವರಿಗೆ ಚಹಾ ಕೊಟ್ಟು ಹೊರಗೆ ಹೋಗುವಳು, ಒಳಗೆ ಬರುವಳು, ಮತ್ತೆ ಹೋಗುವಳು.

"ಯಾಕೆ ಸುಳ್ಳು ಹೇಳಿದೆ?" ಎಂದು ಒಂದು ಸಲ ಕೇಳಿದಳು.

"ಯಾವ ಸುಳ್ಳು? ನನಗೂ ಇಳೀಬೇಕು ಅನ್ನೋ ಆಸೆ ಇತ್ತಲ್ಲೇ."

"ಬೈದಾದ್ರೂ ಬೈ ಕಾಕಾ ನನ್ನ."

"ಬೈದ್ರೆ ಕಾಲು ವಾಸಿ ಆಗುತ್ತಾ?" ಎಂದು ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವನಿಗೂ ಸಿಟ್ಟಿತ್ತು, ಸಿಟ್ಟಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಆ ಸಿಟ್ಟನ್ನು ಅವನು ಅವಳಿಗೆ ಕೊಡಲಿಲ್ಲ. ಕೊಟ್ಟಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

ಸಿರಾತ್ ಬಿಳಿ ಸುಣ್ಣಕಲ್ಲು ತಂದು ಒಳಕೋಣೆಯ ಗೋಡೆಗೆ ಒತ್ತಿ ಕುರ್ಚಿಯೆತ್ತರಕ್ಕೆ ಕಟ್ಟೆ ಕಟ್ಟತೊಡಗಿದ. ಮೇಲೆ ತೊಟ್ಟಿಯ ಹಾಗೆ ಅಂಚು, ಅದರೊಳಗೆ ಮರಳು. ಕೆಳಗೆ ನೆಲಕ್ಕೂ ಮೊದಲಿನ ಹಾಗೆ ಮರಳು ತುಂಬಬೇಕು. ಓಣಿಗೆ ಸುರಿದದ್ದನ್ನು ಕೋಳಿ ಕೆದಕಿ ಹಾಳುಮಾಡಿದ್ದವು. ಹೊಸ ಮರಳು ತಂದು ಅಂಗಳದಲ್ಲಿ ರಾಶಿ ಹಾಕಿದರು. ಜರಡಿ ಹಿಡಿಯಲು ಓಣಿಯ ಹೆಂಗಸರೆಲ್ಲ ಬಂದರು. ಜುಮಾತಿ ಬಿಬಿ ಕಟ್ಟೆಯ ಉಳಿದ ಕಲ್ಲಿನ ಮೇಲೆ ಕೂತು ಮೇಲ್ವಿಚಾರಣೆ ನಡೆಸುತ್ತಿದ್ದಳು.

"ಮತ್ರಾವಿ ಕೇಳಿಸ್ಕೊಳ್ಳಪ್ಪಾ" ಎಂದು ಅವಳು ಕಿಟಕಿಯ ಕಡೆ ಕೂಗಿದಳು, "ನಿನ್ನ ಹಟಕ್ಕೆ ನಾವೆಲ್ಲ ಜರಡಿ ಹಿಡೀಬೇಕಾಯ್ತು. ಇನ್ನಾದ್ರೂ ಹೆಂಡ್ತಿ ಹೇಳಿದ ಹಾಗೆ ಕೇಳು!"

ಹೆಂಗಸರು ಗೊಳ್ಳೆಂದರು. ಒಳಗಿನಿಂದ "ಆಯ್ತು ಬಿಬಿ" ಎಂಬ ಉತ್ತರ ಬಂತು.

ಹಾಮಿಯಾಳ ಕೈಯ ಜರಡಿ ನಿಂತಿತು.

"ಅವನ ಹಟ ಅಲ್ಲ" ಎಂದಳು.

"ಏನೇ?"

"ಅವನ ಹಟ ಅಲ್ಲ ಅಂದೆ. ಇಳಿ ಅಂದವಳು ನಾನು. ಬೇಡ ಅಂದ ಅವನು. ಕೈ ಹಿಡಿದು ಇಳಿಸಿದೆ. ಆವತ್ತು ಬೆಳಗ್ಗೆ ಮೀನಿಗೆ ಹೊತ್ತಾಯ್ತು ಅಂತ ದರದರ ಎತ್ತಿದವಳೂ ನಾನೇ. ಲೊಟಕ್ ಅಂದದ್ದು ನನ್ನ ಈ ಕೈಗೆ ಗೊತ್ತಾಯ್ತು. ಇನ್ನು ಅವನನ್ನ ಆಡ್ಕೋಬೇಡಿ. ಆಡ್ಕೊಳ್ಳೋದಿದ್ರೆ ನನ್ನ ಆಡ್ಕೊಳ್ಳಿ, ನಾನಿಲ್ಲೇ ಇದೀನಿ."

ಹಾಮಿಯಾ ಮರಳು ಮೆತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಎಲ್ಲರೆದುರು ಅತ್ತಳು. ಅವಳು ಅತ್ತದ್ದನ್ನು ಊರು ನೋಡಿದ್ದು ಅದೇ ಮೊದಲು.

ಜುಮಾತಿ ಬಿಬಿ ತನ್ನ ಮಂಡಿ ನೀವಿಕೊಂಡಳು. "ಏಳೋದು ಸುಲಭ ಅಂತ ಯಾರು ಹೇಳಿದ್ರು ಬಿಂಗ್?" ಎಂದಳು ಮೆಲ್ಲಗೆ. "ಈ ಮಳೆಗಾಲದಿಂದ ನಂಗೂ ಮರಳಿಂದ ಎದ್ದೇಳೋಕೆ ಆಗ್ತಿಲ್ಲ. ಎಚ್ಚರಾದ್ರೂ ಬಿದ್ಕೊಂಡಿರ್ತೀನಿ, ಸೊಸೆ ಬಂದು ಎತ್ತೋವರ್ಗೂ. ನಮಾಜು ತಪ್ಪುತ್ತೆ. ಹೇಳಿದ್ರೆ ಎಲ್ಲಿ ನನ್ನನ್ನೂ ಮಂಚಕ್ಕೆ ಹತ್ತಿಸ್ತಾರೋ ಅಂತ ಬಾಯಿ ಮುಚ್ಕೊಂಡಿದ್ದೆ." ಸಿರಾತನ ಕಡೆ ತಿರುಗಿದಳು. "ಇಲ್ಲಿ ಮುಗಿದ ಮೇಲೆ ನಮ್ಮನೇಗೂ ಬಾರಪ್ಪಾ."

"ಲೇ" ಎಂದು ಕಿಟಕಿಯಿಂದ ಮತ್ರಾವಿ ಕೂಗಿದ. "ಅತ್ತಿದ್ದು ಸಾಕು. ಜರಡಿ ಹಿಡಿ. ಇವತ್ತಾದ್ರೂ ಮಲಗ್ತೀನೋ ಇಲ್ವೋ ನಾನು?"

ಕಟ್ಟೆ ಮುಗಿಯಿತು. ಮರಳು ತುಂಬಿ, ಅಂಗೈಯಿಂದ ನೇವರಿಸಿ ಸಮ ಮಾಡಿದಳು. ಡಾಕ್ಟರು ಹೇಳಿದ ಹಾಗೆ ಅವನನ್ನು ಅಂಚಿಗೆ ಕೂರಿಸಿ, ಹಿಂದಕ್ಕೆ ಜರುಗಿಸಿ, ಕಾಲ ನಡುವೆ ದಿಂಬಿಟ್ಟು ಮಲಗಿಸಿದಳು. ಬೆನ್ನಿಗೆ ಮರಳು ತಾಗಿದ್ದೇ ತಡ, ಮತ್ರಾವಿಯ ಮೈಯೆಲ್ಲ ಸಡಿಲವಾಯಿತು. ಏನೋ ಹೇಳಲು ಬಾಯಿ ತೆರೆದವನು ಹೇಳದೆಯೇ ನಿದ್ದೆ ಹೋದ.

ಅವನು ಮಲಗಿದ, ಅವಳು ಮಲಗಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ. ಕಟ್ಟೆಯ ಬುಡದಲ್ಲಿ ಹೊಸ ಮರಳಿನ ಮೇಲೆ ಬಿದ್ದುಕೊಂಡು ಮೇಲಿನ ಪ್ರತಿ ಮಿಸುಕಾಟಕ್ಕೂ ಎದ್ದು ಕೂರುತ್ತಿದ್ದಳು. ಅವನು ಇಳಿಯಬೇಕೆಂದರೆ ಅವಳ ಕೈ ಬೇಕು, ಏರಬೇಕೆಂದರೆ ಅವಳ ಕೈ ಬೇಕು. ಊರುಗೋಲು ಕೊಟ್ಟು ಆಸ್ಪತ್ರೆಯವರು ನಡೆಯಲು ಕಲಿಸಿದ್ದರು. ಒಂಟಿಯಾಗಿ ಒಂದು ಹೆಜ್ಜೆ ಇಡಲು ಅವಳು ಬಿಟ್ಟಿರಲಿಲ್ಲ. ಮೀನಿಗೆ ಹೋಗುವುದನ್ನೇ ನಿಲ್ಲಿಸಿದಳು. ಕಣ್ಣಿನ ಸುತ್ತ ಕಪ್ಪಾಯಿತು.

"ಹೋಗೇ, ಸ್ವಲ್ಪ ಹೊತ್ತು ಕಣ್ಣು ಮುಚ್ಚು" ಎಂದು ಮತ್ರಾವಿ ಒಂದು ಮಧ್ಯಾಹ್ನ ಗದರಿಸಿದ. "ನಿನ್ನ ನೋಡಿ ನೋಡಿ ನನ್ನ ಕಾಲು ನೋಯ್ತಿದೆ."

"ನೀನು ಇಳಿಯಲ್ಲ ತಾನೇ?"

"ಇಳಿಯಲ್ಲ."

ಅವಳು ಮಗ್ಗುಲಾಗಿ ಮರಳಿಗೆ ಕೆನ್ನೆ ಒತ್ತಿದಳು. ಬಿಸಿಲಿಗೆ ಹರವಿ ತಂದ ಮರಳು, ಹಿತವಾಗಿತ್ತು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ.

ಎಚ್ಚರವಾದದ್ದು ಅಂಗಳದ ಕೂಗಿಗೆ. "ಹಾಮಿಯಾ! ಬೆಂದ ಮೀನಿದ್ಯೇನೇ? ಹಾಮಿಯಾ ಓ!" ಮೈ ಏಳಲೊಲ್ಲದು, ಕಣ್ಣು ತೆರೆಯಲೊಲ್ಲದು. ಮತ್ತೆ ಕೂಗು. ಅಷ್ಟರಲ್ಲಿ ಪಕ್ಕದಲ್ಲೇ ಕಟ್ಟೆಯ ಅಂಚಿನಿಂದ ಒಂದು ಹಿಡಿ ಮರಳು ಸುರ್ರೆಂದು ಇಳಿಯಿತು. ಊರುಗೋಲು ನೆಲಕ್ಕೆ ತಾಗಿತು. ಕಣ್ಣು ಚೂರು ತೆರೆದು ನೋಡಿದಳು. ಒಳ್ಳೆಯ ಕಾಲು ಕೆಳಗಿತ್ತು, ಕುಯ್ದ ಕಾಲು ನೀಳವಾಗಿ ಮುಂದೆ ಚಾಚಿತ್ತು, ಎರಡೂ ಕೈ ಅಂಚನ್ನು ಒತ್ತಿ ಹಿಡಿದಿದ್ದವು. ಬೇಡ ಕಾಕಾ ಎಂದು ಕೂಗಬೇಕು, ಹಾರಿ ಹಿಡಿಯಬೇಕು. ಆದರೆ ಹಾರಿ ಹಿಡಿದೇ ತಾನೇ ಒಮ್ಮೆ ಕೆಡಿಸಿದ್ದು? ಹಾಮಿಯಾ ಹಿಡಿ ಮರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹಾಗೇ ಮಲಗಿದಳು.

ಅವನು ನಿಂತ. ಉಸಿರು ಎಳೆದುಕೊಂಡದ್ದು ಕೇಳಿಸಿತು. ಮರಳಿನಲ್ಲಿ ಕೋಲು ಹೂತು, ಕಾಲು ಹೂತು, ಅವಳ ತಲೆಯ ಬಳಿಯಿಂದ ಸುತ್ತಿಕೊಂಡು, ಒಂದೊಂದೇ ಹೆಜ್ಜೆಯಾಗಿ ಬಾಗಿಲಿನ ತನಕ ಹೋದ.

"ಶ್! ಮೆಲ್ಲಗಮ್ಮಾ" ಎಂದ ಹೊರಗಿನವಳಿಗೆ. "ಮಲಗಿದಾಳೆ."

ಹಾಮಿಯಾ ಕಣ್ಣು ಬಿಡಲಿಲ್ಲ. ಕೆನ್ನೆಯ ಕೆಳಗೆ ಮರಳು ಒದ್ದೆಯಾಗುತ್ತಿತ್ತು. ಮತ್ರಾವಿ ಬಾಗಿಲಲ್ಲಿ ತನ್ನ ಕಾಲ ಮೇಲೆ ನಿಂತು ಮೀನಿಲ್ಲ, ನಾಳೆ ಬಾ ಎಂದು ಪಿಸುಮಾತಿನಲ್ಲಿ ಹೇಳುತ್ತಿರುವುದನ್ನು ಕೇಳುತ್ತ ಕೇಳುತ್ತ ಅವಳಿಗೆ ಮತ್ತೆ ನಿದ್ದೆ ಬಂತು.